ಅಜ್ಜಿಯ ಬೆಳಗಿನ ತಿಂಡಿ ಹನ್ನೊಂದಕ್ಕೆ ಹೋಯಿತೇ? ಮೊದಲು ಕಾರಣ ಹುಡುಕಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮನೆಗಳಲ್ಲಿ ಈಗ ಏನು ತಿನ್ನಬೇಕು ಅನ್ನುವ ಮಾತಿಗಿಂತ ಎಷ್ಟು ಹೊತ್ತಿಗೆ ತಿನ್ನಬೇಕು ಅನ್ನುವ ಮಾತೇ ಜಾಸ್ತಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ದಿನಾ ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಟ್ಟು ತೂಕ ಇಳಿಸಿಕೊಂಡಿರುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಶುಗರ್ ಇರುವ ತಂದೆಗೂ ಅದನ್ನೇ ಹೇಳುತ್ತಾನೆ: "ಅಪ್ಪ, ಬೆಳಿಗ್ಗೆ ತಿಂಡಿ ಬಿಟ್ಬಿಡಿ, ಶುಗರ್ ತಾನಾಗೇ ಇಳಿಯುತ್ತೆ." ವಾಟ್ಸಾಪ್‌ಗೆ ಬರುವ ಎಷ್ಟೋ ವಿಡಿಯೊಗಳದ್ದೂ ಇದೇ ಮಾತು. ಇದರ ಮಧ್ಯೆ 2025ರಲ್ಲಿ ಒಂದು ಅಧ್ಯಯನದ ಸುದ್ದಿ ಬಂತು. ವಯಸ್ಸಾದವರು ತಿಂಡಿ ತಡವಾಗಿ ತಿಂದರೆ ಆಯಸ್ಸು ಕಡಿಮೆ ಎಂದು ಅದನ್ನು ಹಂಚಿದರು. ಎರಡನ್ನೂ ಕೇಳಿದ ಹಿರಿಯರಿಗೆ ಯಾವುದನ್ನು ನಂಬುವುದು ಅಂತ ಗೊತ್ತಾಗದಿದ್ದರೆ ಅವರ ತಪ್ಪಲ್ಲ.

ವಯಸ್ಸಾದವರ ಮಟ್ಟಿಗೆ ತಡವಾಗುತ್ತಾ ಹೋಗುವ ತಿಂಡಿಯನ್ನು ಒಂದು ಸೂಚನೆಯ ಹಾಗೆ ನೋಡಬೇಕು. ಅದರ ಹಿಂದೆ ಹಲ್ಲು ನೋವಿರಬಹುದು, ನಿದ್ದೆ ಕೆಟ್ಟಿರಬಹುದು, ಮನಸ್ಸು ಕುಗ್ಗಿರಬಹುದು. ಬರೀ ಗಡಿಯಾರ ತೋರಿಸಿ ಬೈದರೆ ಇವು ಯಾವುವೂ ಸರಿಹೋಗುವುದಿಲ್ಲ.

ಆ ಅಧ್ಯಯನ ಹೇಳಿದ್ದೇನು

ಕಮ್ಯುನಿಕೇಷನ್ಸ್ ಮೆಡಿಸಿನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಇದು ಪ್ರಕಟವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹಸನ್ ದಷ್ಟಿ ಮತ್ತು ಸಂಗಡಿಗರು ಮಾಡಿದ್ದು. ಅವರು ನೋಡಿದ ಜನ ಮಾತ್ರ ಬ್ರಿಟನ್ನಿನವರು. ಒಟ್ಟು 2,945 ಮಂದಿ, ವಯಸ್ಸು 42ರಿಂದ 94. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಗಾಗ ಅವರನ್ನು ಕೇಳಿ, ಊಟದ ಹೊತ್ತು, ನಿದ್ದೆ, ಕಾಯಿಲೆಗಳನ್ನು ಬರೆದಿಟ್ಟುಕೊಂಡಿದ್ದರು.

ವಯಸ್ಸಾಗುತ್ತಾ ಹೋದ ಹಾಗೆ ಬೆಳಗಿನ ತಿಂಡಿಯೂ ರಾತ್ರಿ ಊಟವೂ ನಿಧಾನವಾಗಿ ಮುಂದಕ್ಕೆ ಹೋಗಿದ್ದವು. ಒಮ್ಮೆಗೇ ಗಂಟೆಗಟ್ಟಲೆ ಹೋಗಿದ್ದಲ್ಲ, ಹತ್ತು ವರ್ಷಕ್ಕೆ ಕೆಲವೇ ನಿಮಿಷ. ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗಿನ ಅವಧಿಯೂ ಕುಗ್ಗಿತ್ತು. ತಿಂಡಿ ತಡವಾಗಿದ್ದವರಲ್ಲಿ ಸುಸ್ತು, ಮನಸ್ಸು ಕುಗ್ಗುವಿಕೆ, ಬಾಯಿ ಮತ್ತು ಹಲ್ಲಿನ ತೊಂದರೆ ಜಾಸ್ತಿ ಕಂಡುಬಂದವು. ಹುಟ್ಟಿನಿಂದಲೇ ತಡವಾಗಿ ಮಲಗಿ ತಡವಾಗಿ ಏಳುವ ಪ್ರವೃತ್ತಿ ಇದ್ದವರೂ ತಡವಾಗಿ ತಿನ್ನುತ್ತಿದ್ದರು. ಬೇಗ ತಿನ್ನುವ ಗುಂಪಿನಲ್ಲಿ ಹತ್ತು ವರ್ಷದ ನಂತರ ಬದುಕಿದ್ದವರು ಶೇ 89.5, ತಡವಾಗಿ ತಿನ್ನುವ ಗುಂಪಿನಲ್ಲಿ ಶೇ 86.7. ನೂರು ಜನರಲ್ಲಿ ಸುಮಾರು ಮೂರು ಜನರ ವ್ಯತ್ಯಾಸ. ಸಣ್ಣದು ಅಂತ ತಳ್ಳಿಹಾಕುವ ಹಾಗಿಲ್ಲ, ಆದರೆ ಸುದ್ದಿಯ ತಲೆಬರಹದಷ್ಟು ಭಯ ಹುಟ್ಟಿಸುವಂಥದ್ದೂ ಅಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇದು ಜನರನ್ನು ಗಮನಿಸಿ ಬರೆದುಕೊಂಡ ಅಧ್ಯಯನ. ಅರ್ಧ ಜನಕ್ಕೆ ಬೇಗ ಕೊಟ್ಟು, ಅರ್ಧ ಜನಕ್ಕೆ ತಡವಾಗಿ ಕೊಟ್ಟು ಪರೀಕ್ಷೆ ಮಾಡಿದ್ದಲ್ಲ. ತಡವಾಗಿ ತಿಂದದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಇದ್ದದ್ದರಿಂದ ತಿಂಡಿ ತಡವಾಯಿತೋ ಅನ್ನುವುದನ್ನು ಇದರಿಂದ ತೀರ್ಮಾನಿಸಲು ಆಗುವುದಿಲ್ಲ. ಬಹುಶಃ ಎರಡೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬ್ರಿಟನ್ನಿನ ಹಿರಿಯರು ರಾತ್ರಿ ಊಟವನ್ನು ಸಂಜೆ ಆರರ ಆಸುಪಾಸಿಗೇ ಮುಗಿಸುತ್ತಾರೆ. ಅವರ ಗಂಟೆಯ ಲೆಕ್ಕವನ್ನು ಗೌರಿಬಿದನೂರಿಗೋ ಶಿರಾಕ್ಕೋ ಹಾಗೇ ತಂದು ಕೂರಿಸುವುದು ಸರಿಯಲ್ಲ.

ನಮ್ಮ ಕಡೆ ದೀರ್ಘಾಯುಷ್ಯದ ಮಾತು ಬಂದರೆ ಇಬ್ಬರ ಹೆಸರು ಬಂದೇ ಬರುತ್ತದೆ. ಒಬ್ಬರು 111 ವರ್ಷ ಬಾಳಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ. ಇನ್ನೊಬ್ಬರು ನೂರು ದಾಟಿ 1962ರಲ್ಲಿ ತೀರಿಕೊಂಡ, ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ. ಇಬ್ಬರ ಶಿಸ್ತೂ ಮನೆಮಾತು. ಆ ಶಿಸ್ತನ್ನು ಗೌರವಿಸೋಣ. ಆದರೆ ಒಬ್ಬರ ಬದುಕಿನಲ್ಲಿ ಊಟದ ಹೊತ್ತಿನ ಪಾಲೆಷ್ಟು, ಹುಟ್ಟಿನಿಂದ ಬಂದದ್ದೆಷ್ಟು, ದುಡಿಮೆಯ ಪಾಲೆಷ್ಟು ಎಂದು ಬಿಡಿಸಿ ನೋಡಲು ಆಗುವುದಿಲ್ಲ. ಅದಕ್ಕೇ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನಗಳು ಬೇಕಾಗುವುದು.

ಹೊಟ್ಟೆಗೂ ಗಡಿಯಾರ ಇದೆ

ನಮ್ಮ ಮಿದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಸೇರುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗೊಂಚಲಿದೆ. ದೇಹದ ಮುಖ್ಯ ಗಡಿಯಾರ ಅದೇ. ಅದು ಸಮಯ ಸರಿಮಾಡಿಕೊಳ್ಳುವುದು ಕಣ್ಣಿಗೆ ಬೀಳುವ ಬೆಳಕಿನಿಂದ. ಇದಲ್ಲದೆ ಲಿವರ್, ಮೇದೋಜೀರಕ ಗ್ರಂಥಿ, ಕರುಳು, ಸ್ನಾಯುಗಳಲ್ಲೂ ಒಂದೊಂದು ಗಡಿಯಾರವಿದೆ. ಇವು ಮುಖ್ಯ ಗಡಿಯಾರದ ಮಾತು ಕೇಳುವುದರ ಜೊತೆಗೆ ಊಟ ಬರುವ ಹೊತ್ತನ್ನೂ ನೋಡಿ ಹೊಂದಿಕೊಳ್ಳುತ್ತವೆ. ಈ ಗಡಿಯಾರಗಳು ಜೀವಕೋಶದ ಒಳಗೆ ಹೇಗೆ ನಡೆಯುತ್ತವೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು.

ಊರಿನ ಹಾಲಿನ ಡೇರಿ ಹೇಗೆ ನಡೆಯುತ್ತದೆ ನೋಡಿ. ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ. ಅಳೆಯುವವರು, ಫ್ಯಾಟ್ ನೋಡುವ ಯಂತ್ರ, ಕ್ಯಾನುಗಳು ಎಲ್ಲ ತಯಾರಿರುತ್ತವೆ. ಗಾಡಿ ಹೋದ ಮೇಲೆ ಹಾಲು ತಂದರೆ ಆ ಹಾಲಿನಲ್ಲಿ ದೋಷವಿಲ್ಲ, ತೆಗೆದುಕೊಳ್ಳುವ ಏರ್ಪಾಡು ಮುಗಿದಿರುತ್ತದೆ ಅಷ್ಟೇ. ದೇಹದಲ್ಲೂ ಹೀಗೇ. ಬೆಳಿಗ್ಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಹೊತ್ತು ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಏರುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ, ಹೊಟ್ಟೆ ಖಾಲಿಯಾಗುವುದೂ ನಿಧಾನ. ಬೆಳಿಗ್ಗೆ ಎಂಟಕ್ಕೆ ತಿಂದ ಎರಡು ಇಡ್ಲಿಗಿಂತ ರಾತ್ರಿ ಹತ್ತಕ್ಕೆ ತಿಂದ ಅದೇ ಎರಡು ಇಡ್ಲಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುವುದು ಇದಕ್ಕೇ.

ವಯಸ್ಸಾದಂತೆ ಮುಖ್ಯ ಗಡಿಯಾರದ ಬಡಿತ ದುರ್ಬಲವಾಗುತ್ತದೆ. ಕಣ್ಣಿನ ಮಸೂರ ಹಳದಿಗಟ್ಟಿ ಬೆಳಕೂ ಒಳಗೆ ಕಡಿಮೆ ಹೋಗುತ್ತದೆ. ಹಗಲೆಲ್ಲ ಮನೆಯೊಳಗೇ ಇರುವವರಿಗಂತೂ ಬೆಳಕಿನ ಸೂಚನೆಯೇ ಸಾಲದು. ಆಗ ಹೊತ್ತಿಗೆ ಸರಿಯಾಗಿ ಬರುವ ಊಟದ ಬೆಲೆ ಹೆಚ್ಚುತ್ತದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಜಗಲಿ ಮೇಲೆ ಬೆಳಕಿಗೆ ಕೂತು, ಆಮೇಲೆ ತಿಂಡಿ ತಿಂದರೆ ಎರಡೂ ಗಡಿಯಾರಗಳಿಗೆ ಒಟ್ಟಿಗೆ ಬೆಳಗಾಯಿತು ಅಂತ ಗೊತ್ತಾಗುತ್ತದೆ.

ರಾತ್ರಿಯೆಲ್ಲ ಖಾಲಿ ಹೊಟ್ಟೆ, ಆದರೂ ಬೆಳಿಗ್ಗೆ ಶುಗರ್ ಜಾಸ್ತಿ. ಯಾಕೆ?

ಈ ಪ್ರಶ್ನೆ ಶುಗರ್ ಇರುವ ಎಷ್ಟೋ ಜನರದ್ದು. ಬೆಳಗಿನ ಜಾವ ದೇಹ ಏಳುವ ತಯಾರಿ ಮಾಡುತ್ತದೆ. ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ. ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಮಧುಮೇಹ ಇದ್ದವರಲ್ಲಿ ಇನ್ಸುಲಿನ್ ಸಾಲದೆ ಮೀಟರ್‌ನಲ್ಲಿ 160, 170 ಕಾಣಬಹುದು.

ಆ ಅಂಕಿ ನೋಡಿ ಅನೇಕರು "ಈಗಲೇ ಇಷ್ಟಿದೆ, ತಿಂದರೆ ಇನ್ನೂ ಏರುತ್ತೆ" ಎಂದು ತಿಂಡಿ ಬಿಡುತ್ತಾರೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಹೊಟ್ಟೆಗೆ ಏನೂ ಬರದಿದ್ದರೆ ಲಿವರ್ ಸಕ್ಕರೆ ಬಿಡುವುದನ್ನು ಮುಂದುವರಿಸುತ್ತದೆ. ಮಧ್ಯಾಹ್ನ ಹಸಿವು ತಡೆಯದೆ ಎರಡು ಮುದ್ದೆ, ಮೇಲೆ ಅನ್ನ ಹೊಟ್ಟೆಗೆ ಹೋಗುತ್ತದೆ. ಆಗ ಸಕ್ಕರೆ ಇನ್ನೂ ಎತ್ತರಕ್ಕೆ ಜಿಗಿಯುತ್ತದೆ. ಬೆಳಗಿನ ಅಂಕಿ ದಿನವೂ ಜಾಸ್ತಿ ಬರುತ್ತಿದ್ದರೆ ವೈದ್ಯರ ಹತ್ತಿರ ಮಾತ್ರೆಯ ಪ್ರಮಾಣ ನೋಡಿಸಬೇಕು. ತಿಂಡಿ ಬಿಡುವುದು ಅದಕ್ಕೆ ಪರಿಹಾರವಲ್ಲ.

ತಿಂಡಿ ಮುಂದಕ್ಕೆ ಹೋಗುವುದರ ಹಿಂದೆ ಏನೇನಿರುತ್ತದೆ

ವಯಸ್ಸಾದವರು ಸಾಮಾನ್ಯವಾಗಿ ಬೇಗ ಏಳುತ್ತಾರೆ. ನಾಲ್ಕೂವರೆ, ಐದಕ್ಕೆಲ್ಲ ಎಚ್ಚರ. ತಿಂಡಿ ಮಾತ್ರ ಹತ್ತು, ಹನ್ನೊಂದು. ನಡುವೆ ಎರಡು ಮೂರು ಲೋಟ ಟೀ, ಜೊತೆಗೆ ಎರಡು ಬಿಸ್ಕತ್ತೋ ಬನ್ನೋ. ಎದ್ದ ಹೊತ್ತಿಗೂ ತಿಂಡಿಗೂ ಇರುವ ಈ ಅಂತರವನ್ನೇ ಮನೆಯವರು ಗಮನಿಸಬೇಕು. ಸಕ್ಕರೆ ಹಾಕಿದ ಟೀ ಹಸಿವನ್ನು ಮುಚ್ಚಿಹಾಕುತ್ತದೆ, ಮೈಗೆ ಬೇಕಾದದ್ದು ಏನನ್ನೂ ಕೊಡುವುದಿಲ್ಲ.

ಹಸಿವೇ ಕಡಿಮೆಯಾಗುವುದು ಒಂದು ಕಾರಣ. ವಯಸ್ಸಾದಂತೆ ನಾಲಿಗೆ ಮತ್ತು ಮೂಗಿನ ಚುರುಕು ಇಳಿಯುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಮಲಬದ್ಧತೆ ಇದ್ದರಂತೂ ಹೊಟ್ಟೆ ಉಬ್ಬಿದ ಹಾಗೇ ಇರುತ್ತದೆ. ಕೆಲವು ಮಾತ್ರೆಗಳು ಹಸಿವನ್ನು ಕೊಲ್ಲುತ್ತವೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಕೆಲವರಲ್ಲಿ ಹೀಗೆ ಮಾಡುತ್ತದೆ.

ಹಲ್ಲಿನ ವಿಷಯ ನಮ್ಮ ಭಾಗಕ್ಕೆ ವಿಶೇಷವಾಗಿ ಸಂಬಂಧಪಟ್ಟದ್ದು. ಪಾವಗಡ, ಬಾಗೇಪಲ್ಲಿ ಮತ್ತು ಕೋಲಾರದ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲು ಕಂದುಗಟ್ಟಿ, ಹೆಚ್ಚಿದ್ದರೆ ಹುಡಿಯಾಗುತ್ತದೆ. ಆದರೆ ಮುದ್ದೆ ತಿನ್ನುವವರಲ್ಲಿ ಹಲ್ಲಿನ ತೊಂದರೆ ಬೇಗ ಹೊರಗೆ ಕಾಣುವುದಿಲ್ಲ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ? ಹಲ್ಲಿಲ್ಲದ ಅಜ್ಜನೂ ತಿಳಿ ಸಾರಿನಲ್ಲಿ ಅದ್ದಿ ಒಂದು ಮುದ್ದೆ ಮುಗಿಸುತ್ತಾರೆ. ಮನೆಯವರಿಗೆ ಊಟ ಸರಿಯಾಗಿದೆ ಅನ್ನಿಸುತ್ತದೆ. ತಟ್ಟೆಯ ಅಂಚು ನೋಡಿ. ಬಸ್ಸಾರಿನ ಪಲ್ಯ, ಅವರೆಕಾಳು, ಹುರುಳಿಕಾಳು, ಮಾಂಸದ ತುಂಡು ಎಲ್ಲ ಅಲ್ಲೇ ಉಳಿದಿರುತ್ತವೆ. ಅಗಿಯಬೇಕಾದದ್ದೆಲ್ಲ ಹೊರಗೆ, ಪ್ರೋಟೀನ್ ಇರುವುದೂ ಅದರಲ್ಲೇ. ಬೆಳಗಿನ ರೊಟ್ಟಿ, ಗಟ್ಟಿ ದೋಸೆ ಅಗಿಯಲು ನೋವಾಗಿ "ಆಮೇಲೆ ತಿಂತೀನಿ" ಎನ್ನುತ್ತಿದ್ದರೆ ಕರೆದುಕೊಂಡು ಹೋಗಬೇಕಾದದ್ದು ದಂತವೈದ್ಯರ ಹತ್ತಿರ.

ಮನಸ್ಸಿನ ಮಾತು ಇನ್ನೂ ಕಷ್ಟ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಜೊತೆಯವರು ತೀರಿಕೊಂಡಿದ್ದಾರೆ. ಒಬ್ಬರಿಗೋಸ್ಕರ ಒಲೆ ಹಚ್ಚುವುದಕ್ಕೇ ಬೇಜಾರು. ನಮ್ಮ ಹಿರಿಯರು ಮನಸ್ಸು ಕುಗ್ಗಿದೆ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. "ಬಾಯಿಗೆ ರುಚಿ ಇಲ್ಲ", "ಸುಮ್ನೆ ಸುಸ್ತು" ಎನ್ನುತ್ತಾರೆ. ಮುಂಚೆ ಎಂಟಕ್ಕೆ ತಿನ್ನುತ್ತಿದ್ದವರು ಹನ್ನೊಂದಕ್ಕೆ ಹೋಗಿದ್ದಾರೆ, ಪಕ್ಕದ ಮನೆಗೂ ಹೋಗುತ್ತಿಲ್ಲ, ನಡುರಾತ್ರಿ ಎದ್ದು ಕೂರುತ್ತಾರೆ ಅಂದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಬಿಡಬಾರದು. ಇದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಯಾವುದೇ ತೊಂದರೆಗೆ 14567 ಇದೆ.

ತೂಕವನ್ನೂ ನೋಡುತ್ತಿರಿ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇ 5ರಷ್ಟು ಇಳಿದರೆ, ಅಂದರೆ 60 ಕೆಜಿ ಇದ್ದವರು 57ಕ್ಕೆ ಬಂದರೆ, ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಬಳೆ ಸಡಿಲವಾಗುವುದು, ರವಿಕೆ ದೊಗಳೆಯಾಗುವುದೇ ಸಾಕ್ಷಿ.

ಸ್ನಾಯುವಿಗೆ ದಿನಕ್ಕೊಂದು ಸಲ ಸಾಲದು

ಮಧ್ಯವಯಸ್ಸಿನ ನಂತರ ಸ್ನಾಯು ಕರಗುತ್ತಾ ಬರುತ್ತದೆ, ಅರವತ್ತರ ನಂತರ ವೇಗ ಹೆಚ್ಚುತ್ತದೆ. ಕೂತಲ್ಲಿಂದ ಏಳಲು ಕೈ ಊರಬೇಕಾಗುವುದು, ಬಸ್ಸಿನ ಮೆಟ್ಟಿಲು ಹತ್ತಲಾಗದಿರುವುದು, ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಇವೆಲ್ಲ ಅದರ ಮುಂದಿನ ಹಂತಗಳು. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಹುಡುಗರಲ್ಲಿ ಸ್ವಲ್ಪ ಪ್ರೋಟೀನ್ ಬಂದರೂ ಸ್ನಾಯು ಚಟುವಟಿಕೆ ಶುರುಮಾಡುತ್ತದೆ. ವಯಸ್ಸಾದವರ ಸ್ನಾಯು ಅಷ್ಟು ಸುಲಭಕ್ಕೆ ಏಳುವುದಿಲ್ಲ, ಒಂದೊಂದು ಹೊತ್ತಿಗೂ ಸ್ವಲ್ಪ ಜಾಸ್ತಿಯೇ ಬೇಕು. ಹಾಗಾಗಿ ಒಂದೇ ಹೊತ್ತು ತುಂಬಾ ತಿನ್ನುವುದಕ್ಕಿಂತ ಮೂರು ಹೊತ್ತಿಗೂ ಹಂಚಿ ತಿನ್ನುವುದು ಉತ್ತಮ. ಹಿರಿಯರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಎಂದು ತಜ್ಞರು ಹೇಳುತ್ತಾರೆ. 60 ಕೆಜಿಯವರಿಗೆ 60ರಿಂದ 72 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಮ್ಮ ತಿಂಡಿಗಳಲ್ಲಿ ಇದು ಎಲ್ಲಿದೆ? ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನೂರು ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು. ಪ್ರೋಟೀನ್ ಮಾತ್ರ ಏಳು ಗ್ರಾಂನಷ್ಟೇ. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿಯಲ್ಲೂ ಪ್ರೋಟೀನ್ ಹೆಚ್ಚಿಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಎಲ್ಲ ಹಾಲನ್ನೂ ಹಾಕಿಬಿಟ್ಟು, ಟೀಗೆ ಮಾತ್ರ ಉಳಿಸಿಕೊಳ್ಳುವ ಪದ್ಧತಿ ಇದೆ. ಮನೆಯ ಹಿರಿಯರಿಗೆ ಒಂದು ಲೋಟ ತೆಗೆದಿಡಿ ಎಂದು ಕೈಮುಗಿದು ಕೇಳಬೇಕು ಅನ್ನಿಸುತ್ತದೆ. ಹಲ್ಲಿಲ್ಲದವರಿಗೆ ಹೆಸರುಬೇಳೆ ದೋಸೆ, ಮೆತ್ತಗಿನ ಪೊಂಗಲ್, ಮೊಸರು ಕಲಸಿದ ರಾಗಿ ಅಂಬಲಿ, ಕಡಲೆಬೀಜದ ಪುಡಿ, ಅವರೆ ಕಾಲದಲ್ಲಿ ಹಿತಕಿದ ಬೇಳೆ ಸಾರು ಒಗ್ಗುತ್ತವೆ. ಹಿತಕಿದ ಬೇಳೆ ಬಾಯಲ್ಲಿಟ್ಟರೆ ಕರಗುತ್ತದೆ, ಹಲ್ಲೇ ಬೇಡ.

ಹದಿನಾರು ಗಂಟೆ ಉಪವಾಸ, ಒಪ್ಪತ್ತು, ರೋಜಾ

ಮಗನಿಗೆ ಒಳ್ಳೆಯದಾದ ಉಪವಾಸ ತಂದೆಗೂ ಒಳ್ಳೆಯದಾಗಬೇಕೆಂದಿಲ್ಲ. ಮಗನ ವಯಸ್ಸು ಮೂವತ್ತೈದು, ಹೊಟ್ಟೆ ಬಂದಿದೆ, ಮಾತ್ರೆ ಇಲ್ಲ. ತಂದೆಗೆ ಎಪ್ಪತ್ತು, ಮೈ ಒಣಗಿದೆ, ದಿನಕ್ಕೆ ನಾಲ್ಕು ಮಾತ್ರೆ. ದೀರ್ಘ ಉಪವಾಸದಲ್ಲಿ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಎಪ್ಪತ್ತರಲ್ಲಿ ಹೋದ ಸ್ನಾಯುವನ್ನು ವಾಪಸು ತರುವುದು ಬಹಳ ಕಷ್ಟ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂದರೆ ಹನ್ನೆರಡು ಗಂಟೆ ಬಿಡುವು ತಾನಾಗೇ ಸಿಗುತ್ತದೆ. ಹೆಚ್ಚಿನ ಹಿರಿಯರಿಗೆ ಅಷ್ಟು ಸಾಕು.

ಒಪ್ಪತ್ತು ಮಾಡುವ ಹೆಂಗಸರು ನಮ್ಮಲ್ಲಿ ಬಹಳ. ಸೋಮವಾರ, ಶನಿವಾರ, ಏಕಾದಶಿ. ರಂಜಾನ್ ತಿಂಗಳಲ್ಲಿ ರೋಜಾ ಇಡುವ ಹಿರಿಯರೂ ಇದ್ದಾರೆ. ನಂಬಿಕೆಯನ್ನು ಬಿಡಿ ಎಂದು ಯಾರೂ ಹೇಳಬೇಕಾಗಿಲ್ಲ. ಶುಗರ್ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ ವ್ರತಕ್ಕೆ ಮುಂಚೆ ವೈದ್ಯರ ಹತ್ತಿರ ಹೋಗಿ ಮಾತ್ರೆಯ ಹೊತ್ತು, ಪ್ರಮಾಣ ಬದಲಾಯಿಸಿಕೊಳ್ಳಬೇಕು. ದಿನವೆಲ್ಲ ಬಿಟ್ಟು ಒಂದೇ ಸಲ ಹೊಟ್ಟೆ ತುಂಬಾ ಉಂಡರೆ ಕೆಲವು ಹಿರಿಯರಲ್ಲಿ ರಕ್ತವೆಲ್ಲ ಹೊಟ್ಟೆಯ ಕಡೆ ಹರಿದು ಬಿಪಿ ಇಳಿಯುತ್ತದೆ. ಊಟ ಮಾಡಿ ಎದ್ದ ಕೂಡಲೇ ತಲೆ ಸುತ್ತಿ ಬೀಳುವುದು ಹೀಗೇ.

ಮಾತ್ರೆ ಮತ್ತು ತಿಂಡಿ

ತಿಂಡಿಯ ಹೊತ್ತು ಏರುಪೇರಾದರೆ ಮೊದಲ ಏಟು ಬೀಳುವುದು ಮಾತ್ರೆಗಳ ಲೆಕ್ಕಕ್ಕೆ. ಗ್ಲಿಮೆಪಿರೈಡ್ ಇರುವ ಶುಗರ್ ಮಾತ್ರೆ ನುಂಗಿ ತಿಂಡಿ ತಿನ್ನದೆ ತೋಟಕ್ಕೆ ಹೋದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. 70ಕ್ಕಿಂತ ಕೆಳಗೆ ಬಂದರೆ ಲೋ ಶುಗರ್. ಬೆವರು, ಕೈ ನಡುಕ, ಎದೆ ಬಡಿತ ಅದರ ಲಕ್ಷಣ. ವಯಸ್ಸಾದವರಲ್ಲಿ ಇವು ಕಾಣದೆ ಬರೀ ತೊದಲು ಮಾತು, ತಬ್ಬಿಬ್ಬು, ಮಂಕು ಬಡಿದ ಹಾಗೆ ಕೂರುವುದು ಇರಬಹುದು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಅದಾಗಿ ಅರ್ಧದಿಂದ ಒಂದು ಗಂಟೆ ಟೀಯೂ ಬೇಡ. ಕ್ಯಾಲ್ಸಿಯಂ, ಐರನ್ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮೆಟ್‌ಫಾರ್ಮಿನ್ ಊಟದ ಜೊತೆ.

ಮಗ ಬರುವವರೆಗೆ ಕಾಯುವ ಊಟ

ತುಮಕೂರಿನಿಂದ, ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರು ಎಷ್ಟೋ ಮಂದಿ. ಮನೆ ಸೇರುವುದು ರಾತ್ರಿ ಒಂಬತ್ತು, ಒಂಬತ್ತೂವರೆ. ಮಗ ಬರದೆ ಅಮ್ಮ ಉಣ್ಣುವುದಿಲ್ಲ. ಪ್ರೀತಿಯಿಂದ ಕಾಯುತ್ತಾರೆ. ಆದರೆ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದರೆ ಎದೆ ಉರಿ, ಹುಳಿ ತೇಗು, ಕೆಟ್ಟ ನಿದ್ದೆ, ಬೆಳಿಗ್ಗೆ ಹಸಿವಿಲ್ಲ, ತಿಂಡಿ ಮತ್ತೆ ತಡ. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಇರಬೇಕು. ಅಮ್ಮ ಏಳೂವರೆಗೆ ಉಂಡು, ಮಗ ಬಂದಾಗ ಜೊತೆಯಲ್ಲಿ ಕೂತು ಬಡಿಸಬಹುದು. ಈ ಮಾತನ್ನು ಮಗನೇ ಹೇಳಿದರೆ ಅಮ್ಮ ಕೇಳುತ್ತಾರೆ.

ಹಾಗಾದರೆ ಎಷ್ಟು ಗಂಟೆಗೆ?

ಎಲ್ಲರಿಗೂ ಒಂದೇ ಗಂಟೆ ಇಲ್ಲ. ಐದಕ್ಕೆ ಎದ್ದು ಹಸು ಕರೆದು ಡೇರಿಗೆ ಹೋಗಿ ಬರುವವರಿಗೆ ಏಳಕ್ಕೇ ತಿಂಡಿ ಬೇಕು. ಏಳಕ್ಕೆ ಏಳುವ ನಿವೃತ್ತ ಮೇಷ್ಟರಿಗೆ ಎಂಟೂವರೆಯೂ ತಡವಲ್ಲ. ಎದ್ದ ಒಂದೆರಡು ಗಂಟೆಯೊಳಗೆ ಹೊಟ್ಟೆಗೆ ನಿಜವಾದ ತಿಂಡಿ ಬೀಳಲಿ, ದಿನದಿಂದ ದಿನಕ್ಕೆ ಹೊತ್ತು ಹೆಚ್ಚು ಬದಲಾಗದಿರಲಿ. ಸ್ನಾನ, ಪೂಜೆ ಮುಗಿಯದೆ ತಿನ್ನದವರು ಪೂಜೆಯನ್ನೇ ಸ್ವಲ್ಪ ಮುಂಚಿತವಾಗಿ ಮಾಡಿಕೊಳ್ಳಬಹುದು. ಹನ್ನೊಂದಕ್ಕೆ ಒಗ್ಗಿಹೋದ ಹೊಟ್ಟೆಯನ್ನು ಒಂದೇ ದಿನದಲ್ಲಿ ಎಂಟಕ್ಕೆ ಎಳೆಯಬೇಡಿ. ವಾರಕ್ಕೆ ಕಾಲು ಗಂಟೆ, ಅರ್ಧ ಗಂಟೆ ಹಿಂದಕ್ಕೆ ತನ್ನಿ.

ಸರ್ಕಾರಿ ಆಸ್ಪತ್ರೆಗೆ ಬಿಪಿ, ಶುಗರ್ ತೋರಿಸಲು ಹೋಗುವ ಮುಂಚೆ ಒಂದು ವಾರ ಹಾಳೆಯಲ್ಲಿ ಬರೆದಿಡಿ: ಎದ್ದದ್ದು ಎಷ್ಟಕ್ಕೆ, ಮೊದಲು ತಿಂದದ್ದು ಎಷ್ಟಕ್ಕೆ, ಏನು, ಮಾತ್ರೆ ಯಾವಾಗ, ರಾತ್ರಿ ಊಟ, ನಿದ್ದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೂ ಅದನ್ನು ತೋರಿಸಬಹುದು. ಆಸ್ಪತ್ರೆಯ ಸರದಿಯಲ್ಲಿ ವೈದ್ಯರ ಎದುರು ಸಿಗುವುದು ಕೆಲವೇ ನಿಮಿಷ. ಆ ಹಾಳೆ ಎದುರಿಗಿದ್ದರೆ ಯಾವ ಮಾತ್ರೆಯ ಹೊತ್ತು ಬದಲಾಯಿಸಬೇಕು, ಹಲ್ಲು ನೋಡಿಸಬೇಕೋ, ನಿದ್ದೆಗೆ ಏನು ಮಾಡಬೇಕು ಎಂದು ಅವರು ಬೇಗ ಹೇಳಬಲ್ಲರು.